ಲಕ್ಷ್ಮೇಶ್ವರದ ನೆನಪಿನ ಕಾಣಿಕೆಯನ್ನು ಕುಂಬಾರರಿಂದ ಮಾಡಿಸಿ

ಶಿರಹಟ್ಟಿ ಮತಕ್ಷೇತ್ರದ ಮಾನ್ಯ ಶಾಸಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಮ್ಮ ತಾಲ್ಲೂಕಿನ ಸಮಾರಂಭಗಳಲ್ಲಿ ಶಾಲು, ಹಾರದ ಜೊತೆಗೆ ಅತಿಥಿಗಳ ಕೈಗಿಡುವ ನೆನಪಿನ ಕಾಣಿಕೆ ಬಹುಮಟ್ಟಿಗೆ ಪೇಟೆಯಿಂದ ತಂದ ಫೈಬರ್ ಫಲಕವೇ ಆಗಿದ್ದು, ಮೇಲಿನ ಚೀಟಿ ಕಿತ್ತರೆ ಅದು ಯಾವ ಊರಿನದೆಂದು ಹೇಳಲು ಬರುವುದಿಲ್ಲ. ಇದರ ಬದಲು ಲಕ್ಷ್ಮೇಶ್ವರದ ಸ್ಮಾರಕಗಳನ್ನು ಮೂಡಿಸಿದ ಮಣ್ಣಿನ ತಟ್ಟೆ, ಬಿಲ್ಲೆಗಳನ್ನು ಈ ಭಾಗದ ಕುಂಬಾರರಿಂದಲೇ ಮಾಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮೂಡಿಸುವುದಕ್ಕೆ ವಿಷಯದ ಕೊರತೆಯಿಲ್ಲ. ಪಂಪ ನೆನೆದ ಪುಲಿಗೆರೆಯೆಂದರೆ ನಮ್ಮ ಲಕ್ಷ್ಮೇಶ್ವರವೇ. ಸೋಮೇಶ್ವರ ದೇವಾಲಯದಲ್ಲಿ ನಂದಿಯನ್ನೇರಿದ ಶಿವಪಾರ್ವತಿಯರು, ಶಂಖ ಬಸದಿಯಲ್ಲಿ ಸಾವಿರ ಪುಟ್ಟ ಜಿನಮೂರ್ತಿಗಳನ್ನು ಕಡೆದ ಗೋಪುರದಾಕಾರದ ಸಹಸ್ರಕೂಟ ಜಿನಬಿಂಬ, 1617ರಲ್ಲಿ ಆದಿಲ್‌ಶಾಹಿ ಸರದಾರ ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ, ಎಲ್ಲವೂ ಒಂದೇ ಊರಿನಲ್ಲಿವೆ.

ಕಷ್ಟವಿರುವುದು ಇವನ್ನು ಮಣ್ಣಿಗೆ ಇಳಿಸುವುದರಲ್ಲಿ. ಜೇಡಿಮಣ್ಣು ಒಣಗಿ, ಆವಿಗೆಯಲ್ಲಿ (ಕುಂಬಾರರ ಸುಡುಗೂಡಿನಲ್ಲಿ) ಬೆಂದು ಹೊರಬರುವಷ್ಟರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಉಬ್ಬುಚಿತ್ರ ದಪ್ಪವಾಗಿದ್ದು ತಟ್ಟೆ ತೆಳುವಾಗಿದ್ದರೆ ತೆಳುಭಾಗ ಮೊದಲು ಒಣಗಿ, ಎರಡೂ ಕೂಡುವಲ್ಲಿ ಸೀಳು ಬಿಡುತ್ತದೆ. ಗೇಣಗಲದ ತಟ್ಟೆಯಲ್ಲಿ ಇಡೀ ದೇವಾಲಯವನ್ನು ತುರುಕಿದರೆ ಗೋಡೆಯ ಕೆತ್ತನೆಯೆಲ್ಲ ಚೆಲ್ಲಿದ ರಾಗಿಯಂತೆ ಕಾಣುವುದರಿಂದ, ಒಂದು ತಟ್ಟೆಗೆ ಒಂದು ಕಂಬ ಅಥವಾ ಮಸೀದಿಯ ಒಂದು ಕಮಾನು ಸಾಕು. ಸಹಸ್ರಕೂಟವನ್ನಂತೂ ತಟ್ಟೆಗೆ ಹಾಕದೆ, ಅದರ ಆಕಾರದಲ್ಲೇ ಚಿಕ್ಕದಾಗಿ ನಿಲ್ಲಿಸುವುದು ಲೇಸು. ದೇವರ ಮೂರ್ತಿಯನ್ನು ಉಣ್ಣುವ ತಟ್ಟೆ, ಚಹಾದ ಕಪ್ಪಿನ ಮೇಲೆ ತರಬಾರದೆಂಬ ಸಾಲೊಂದು ಖರೀದಿಯ ಆದೇಶದಲ್ಲೇ ಇದ್ದರೆ ಮುಂದೆ ತಕರಾರು ಏಳುವುದಿಲ್ಲ. ಹಾಗೆಯೇ ಎಣ್ಣೆಬಣ್ಣ ಬಳಿದು ಚೆಂದ ಮಾಡುವ ಉತ್ಸಾಹವನ್ನೂ ದಯವಿಟ್ಟು ತಡೆಯಬೇಕು: ಕೆಮ್ಮಣ್ಣಿನ ತಿಳಿ ಹಚ್ಚಿ ನುಣುಪು ಕಲ್ಲಿನಿಂದ ತಿಕ್ಕಿದ ಹೊಳಪು ಬೆಂದ ಮೇಲೂ ಉಳಿಯುತ್ತದೆ, ಎಣ್ಣೆಬಣ್ಣ ತೇವ ತಾಗಿದರೆ ಹಕ್ಕಳೆಯಾಗಿ ಏಳುತ್ತದೆ.

ತರಬೇತಿಗೆ ದೂರ ಹೋಗಬೇಕಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿದೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರಿಗೆ ಉಪಕರಣಕ್ಕೆಂದು 15,000 ರೂಪಾಯಿಯವರೆಗೆ ನೆರವೂ ಇದೆ. ಆದರೆ ತಿಗರಿ (ಕುಂಬಾರನ ಚಕ್ರ) ಬಂದರೆ ಸಾಲದು, ಮಾಡಿದ್ದನ್ನು ಕೊಳ್ಳುವವರು ಬೇಕು. ಆ ಕೊಳ್ಳುವವರು ಮೊದಲಿಗೆ ಪುರಸಭೆ ಮತ್ತು ತಾಲ್ಲೂಕು ಪಂಚಾಯಿತಿಯೇ ಆಗಲಿ ಎಂಬುದು ನನ್ನ ವಿನಂತಿ. ಕಟ್ಟಿಗೆಯನ್ನು ಮುಂಚಿತವಾಗಿಯೇ ಕೊಳ್ಳಬೇಕಾದ್ದರಿಂದ ಅರ್ಧ ಹಣ ಮುಂಗಡವಾಗಿ ಸಿಗಬೇಕು, ಆವಿಗೆಯಲ್ಲಿ ಒಡೆದುಹೋಗುವ ಪಾಲನ್ನೂ ದರದಲ್ಲಿ ಲೆಕ್ಕ ಹಿಡಿಯಬೇಕು. ಸ್ಮಾರಕಗಳ ಅಳತೆಗೆ ತಕ್ಕ ರೇಖಾಚಿತ್ರಗಳನ್ನು ಪುರಾತತ್ವ ಇಲಾಖೆಯಿಂದ ತರಿಸಿಕೊಡಬೇಕು.

ಮುಂಗಾರು ಹಿಡಿದರೆ ಹಸಿಮಣ್ಣು ಸರಿಯಾಗಿ ಒಣಗುವುದಿಲ್ಲ. ಬರುವ ರಾಜ್ಯೋತ್ಸವಕ್ಕೆ ಈ ತಟ್ಟೆಗಳು ಸಿದ್ಧವಿರಬೇಕಾದರೆ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕಾಗುತ್ತದೆ. ಆದ್ದರಿಂದ ಖರೀದಿಯ ಆದೇಶ ಮಾರ್ಚ್ ತಿಂಗಳೊಳಗೆ ಹೊರಡುವಂತೆ ತಾವು ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಕ್ಷ್ಮೇಶ್ವರದ ಒಬ್ಬ ಮತದಾರ