ಹೃದಯ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯೂ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯರೇ,

ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯೂ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ವೂ ಮಲೆನಾಡಿನ ಬಡವರಿಗೆ ದೊಡ್ಡ ಆಸರೆ. ಆದರೆ ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಂಟಿ ಮನೆಗಳಿಗೆ ಮರಳಿದವರ ಮುಂದಿನ ಎರಡು ಮೂರು ತಿಂಗಳ ಆರೈಕೆ ಮನೆಯವರ ಊಹೆಗೇ ಬಿಟ್ಟಂತಿದೆ.

ಶಸ್ತ್ರಚಿಕಿತ್ಸೆಗಾಗಿ ಸೀಳಿದ ಎದೆಮೂಳೆ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬಾರದು ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ತುಂಬಿದ ಕೊಡ, ಸೌದೆ ಹೊರೆ, ಹಸಿ ಅಡಿಕೆಯ ಬುಟ್ಟಿ ಎಲ್ಲವೂ ಆ ಮಿತಿಯನ್ನು ಮೀರುತ್ತವೆ ಎಂದು ಬಿಡಿಸಿ ಹೇಳುವವರಿಲ್ಲ. ನನ್ನ ಅಣ್ಣನಿಗೆ ಕೊಟ್ಟ ಡಿಸ್ಚಾರ್ಜ್ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಬೇಕು, ಎರಡು ಮೂರು ದಿನಗಳಲ್ಲೇ ತೂಕ 2 ಕೆ.ಜಿ.ಯಷ್ಟು ಏರಿದರೆ, ಜ್ವರ ಬಂದರೆ ಅಥವಾ ಗಾಯ ಕೀವಾದರೆ ಕಾಯದೆ ವೈದ್ಯರಿಗೆ ತಿಳಿಸಬೇಕು ಎಂಬುದೆಲ್ಲ ನಮಗೆ ಗೊತ್ತಾದದ್ದು ಪರಿಚಯದ ನರ್ಸ್ ಒಬ್ಬರು ಓದಿ ಹೇಳಿದ ಮೇಲೆ. ನಡಿಗೆಯೇ ಮದ್ದೆಂದು ವೈದ್ಯರು ಹೇಳಿದ್ದರೂ, ನೋಡಲು ಬಂದ ನೆಂಟರೆಲ್ಲ ‘ಏಳಬೇಡ ಮಾರಾಯ, ಮಲಗಿರು’ ಎನ್ನುತ್ತಿದ್ದರು! ಮಳೆ ಹಿಡಿದ ದಿನ ಜಗಲಿಯಲ್ಲೇ ನಾಲ್ಕು ಸುತ್ತು ನಡೆದರೂ ಆಗುತ್ತದೆ.

ಲೋಹದ ಕವಾಟ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟದ್ದು. ಅವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪಿಟಿ-ಐಎನ್‌ಆರ್ ರಕ್ತಪರೀಕ್ಷೆಯನ್ನು ಆರಂಭದಲ್ಲಂತೂ ಮೇಲಿಂದ ಮೇಲೆ ಮಾಡಿಸಬೇಕು. ಮಾತ್ರೆ ಸಾಲದಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೆಚ್ಚಾದರೆ ರಕ್ತಸ್ರಾವವಾಗಬಹುದು. ಧರೆ ಕುಸಿದು, ಮರ ಬಿದ್ದು ರಸ್ತೆ ಕಟ್ಟುವ ಆಷಾಢದಲ್ಲಿ ಈ ಒಂದು ಪರೀಕ್ಷೆಗಾಗಿ ಶಿವಮೊಗ್ಗಕ್ಕೆ ಹೋಗಿಬರುವುದೆಂದರೆ ರೋಗಿಯ ಜೊತೆಗೆ ಇನ್ನೊಬ್ಬರ ಒಂದು ದಿನದ ದುಡಿಮೆಯೂ ಹೋಯಿತು. ಬಸಳೆ, ಹರಿವೆಯಂಥ ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ ಎಂದು ಕೇಳಿ ಹಲವರು ಸೊಪ್ಪನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ, ತಿನ್ನುವ ಪ್ರಮಾಣದಲ್ಲಿ ಏರುಪೇರಾಗದಂತೆ ನೋಡಿಕೊಂಡರೆ ಸಾಕು. ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವ ನೋವಿನ ಮಾತ್ರೆ ಮತ್ತು ನಾಟಿ ಕಷಾಯಗಳಿಗೆ ಹೆಚ್ಚು ಹೆದರಬೇಕು. ನಾಟಿ ಮದ್ದಿನ ಮೇಲೆ ನನಗೆ ಗೌರವವಿದ್ದೂ ಈ ಮಾತು ಬರೆಯುತ್ತಿದ್ದೇನೆ.

‘ಗೃಹ ಆರೋಗ್ಯ’ ಯೋಜನೆಯಡಿ ಮನೆ ಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡುವ ವ್ಯವಸ್ಥೆಯನ್ನು ಸರ್ಕಾರವೇ ರೂಪಿಸಿದೆ. ಶಸ್ತ್ರಚಿಕಿತ್ಸೆಯಾದವರ ವಿವರವನ್ನು ಆಸ್ಪತ್ರೆಗಳು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಅದೇ ಸಿಬ್ಬಂದಿ ಇವರ ಗಾಯ, ತೂಕ, ಮಾತ್ರೆಗಳನ್ನೂ ನೋಡಿಬರಬಹುದು. ಕನ್ನಡದಲ್ಲಿ ಡಿಸ್ಚಾರ್ಜ್ ಸೂಚನೆ ಕೊಡಲು ಹೆಚ್ಚಿನ ಹಣವೇನೂ ಬೇಕಿಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಪಿಟಿ-ಐಎನ್‌ಆರ್ ಪರೀಕ್ಷೆ ವರ್ಷವಿಡೀ ತಪ್ಪದೆ ಸಿಗುವಂತೆ ಜಿಲ್ಲಾ ಆರೋಗ್ಯ ಇಲಾಖೆಯು ಮುಂದಿನ ಮಳೆಗಾಲಕ್ಕೆ ಮೊದಲೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

— ಓದುಗರೊಬ್ಬರು, ಹೊಸನಗರ ತಾಲ್ಲೂಕು