ಕಂಡರೂ ಸಿಗದ ಕೀ

ಶಿರಸಿ

ಪ್ರೀತಿಯ ತಮಾ, ಆಶೀರ್ವಾದಗಳು.

ನೀನು ಕಳಿಸಿದ ಅಡಿಕೆ ದರದ ಪೈಥಾನ್ ಪ್ರೋಗ್ರಾಮನ್ನು ಬೆಳಿಗ್ಗೆ ಆಸ್ರಿ ಕುಡಿಯುತ್ತ ನೋಡಿದೆ. ‘ಎರಡು ದಿನದಿಂದ ಸುಮ್ಮಂಗೇ ಎರರ್ ಬತ್ತಾ ಇದ್ದು’ ಅಂದಿದ್ದೀಯ. ಸುಮ್ಮನೆ ಬಂದದ್ದಲ್ಲ ಮಾರಾಯ.

ಪೇಟೆ["ಶಿರಸಿ"]["ರಾಶಿ"]["ದರ"] ಅಂತ ಒಂದೇ ಉಸಿರಿಗೆ ಮೂರು ಮೆಟ್ಟಿಲು (ಊರು, ಅಡಿಕೆಯ ಬಗೆ, ದರ) ಹಾರಿದ್ದೀಯ. ಲಿಸ್ಟಿಗೆ ಅಂಕೆಯ ಇಂಡೆಕ್ಸ್ ಬೇಕು, ಸ್ಟ್ರಿಂಗ್ ನಡೆಯದು ಎಂದು ಟೈಪ್‌ಎರರ್ ಕೊನೇ ಸಾಲಿನಲ್ಲಿ ಹೇಳಿಯೇಬಿಟ್ಟಿದೆ. ನೀನು ಮೇಲಿನ ಸಾಲುಗಳನ್ನೇ ಓದುತ್ತ ಕೂತೆ. ಟ್ರೇಸ್‌ಬ್ಯಾಕನ್ನು (ಎರರ್ ಜೊತೆ ಬರುವ ಆ ಸಾಲುಗಳನ್ನು) ಅಡಿಯಿಂದ ಓದು. (3.11 ಅಥವಾ ಅದರ ನಂತರದ ಪೈಥಾನ್ ಆದರೆ ಎಡವಿದ್ದು ಯಾವ ಬ್ರಾಕೆಟ್ಟಿನಲ್ಲಿ ಅಂತ ಕೆಳಗೆ ಗುರುತನ್ನೂ ಹಾಕುತ್ತದೆ. ನಿನ್ನದು ಇನ್ನೂ 3.8.)

ಪ್ರಿಂಟ್(ಟೈಪ್(ಪೇಟೆ["ಶಿರಸಿ"])) ಮಾಡು. ಡಿಕ್ಟ್ (ಡಿಕ್ಷನರಿ, ಅಂದರೆ ಕೀ ಎಂಬ ಹೆಸರು ಕೊಟ್ಟು ಮಾಹಿತಿ ಪಡೆಯುವ ಕೋಶ) ಬಂತೋ? ಇನ್ನೊಂದು ಬ್ರಾಕೆಟ್ ಸೇರಿಸಿ ಮತ್ತೆ ಕೇಳು. ನಾನು ಕೇಳಿದಾಗ "ರಾಶಿ"ಯ ಹತ್ತಿರ ಲಿಸ್ಟ್ ಬಂತು. ಅಲ್ಲಿರುವುದು ಒಂದು ದರವಲ್ಲ, ಅವತ್ತು ಮಾರಿದ ಒಂದೊಂದು ಲಾಟಿಗೂ ಒಂದೊಂದು ಡಿಕ್ಷನರಿ. ಮೊದಲ ಲಾಟು ಸಾಕಾದರೆ ನಡುವೆ [0] ಹಾಕು, ಗರಿಷ್ಠ ದರ ಬೇಕಾದರೆ ಫಾರ್ ಲೂಪ್ ಓಡಿಸು. ಚಾಲಿ ಅಡಿಕೆ ಬಾರದ ದಿನ ಅದರ ಲಿಸ್ಟ್ ಖಾಲಿ. ಆಗ [0] ಅಂದರೆ ಇಂಡೆಕ್ಸ್‌ಎರರ್.

ಕೀಎರರ್ (ಕೇಳಿದ ಕೀ ಇಲ್ಲ ಎಂಬ ಎರರ್) ತಪ್ಪಿಸಲು ಎಲ್ಲ ಕಡೆ ಬ್ರಾಕೆಟ್ ಬದಲು ಗೆಟ್ ತುರುಕಿದ್ದು ಮಾತ್ರ ನನಗೆ ಸರಿಬೀಳಲಿಲ್ಲ. ಕೀ ಇಲ್ಲದಿದ್ದರೆ ಅದು ತೆಪ್ಪಗೆ ‘ನನ್’ (None, ಅಂದರೆ ಏನೂ ಇಲ್ಲ) ಕೊಟ್ಟುಬಿಡುತ್ತದೆ, ಎರರ್ ಬರುವುದು ಹತ್ತು ಸಾಲು ಕೆಳಗೆ. ಉಂಬಳ ಕಚ್ಚಿದ್ದು ತೋಟದಲ್ಲಿ, ರಕ್ತ ಕಂಡದ್ದು ಜಗಲಿಯಲ್ಲಿ ಅಂದ ಹಾಗೆ. ಇರಲೇಬೇಕಾದ ಕೀಗೆ ಬ್ರಾಕೆಟ್ಟೇ ಇರಲಿ, ಬಿದ್ದರೆ ಅಲ್ಲೇ ಬೀಳಲಿ.

ನನ್ನದೂ ಒಂದು ಕತೆಯಿದೆ, ನಗಬೇಡ. ಮನೆಯ ಅಡಿಕೆ ಲೆಕ್ಕದಲ್ಲಿ "ಕ್ವಿಂಟಲ್" ಎಂಬ ಕೀ ಎದುರಿಗೇ ಕಾಣುತ್ತಿತ್ತು, ಕೇಳಿದರೆ ಕೀಎರರ್. ಅರ್ಧ ದಿನ ಹೋಯಿತು. ನಿನ್ನ ದೊಡ್ಡಮ್ಮ ಊಟಕ್ಕೆ ಕರೆದು ಕರೆದು ಸುಮ್ಮನಾದಳು. ಕಡೆಗೆ ಪ್ರಿಂಟ್(ಲಿಸ್ಟ್(ಲೆಕ್ಕ)) ಮಾಡಿದರೆ ‘ಲ್’ ಬೆನ್ನಿಗೆ \ಯು200ಸಿ ಅಂಟಿಕೊಂಡಿತ್ತು! ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಯುನಿಕೋಡ್ ಅಕ್ಷರವಂತೆ. ಫೈಲು ಟೈಪ್ ಮಾಡಿದ ಕೀಬೋರ್ಡು ಅದನ್ನು ತಾನಾಗಿ ಸೇರಿಸಿತ್ತು, ಕೋಡು ಬರೆದದ್ದು ಸೇರಿಸಿರಲಿಲ್ಲ. ಕೀಯೊಂದನ್ನೇ ಪ್ರಿಂಟ್ ಮಾಡಿದರೆ ಅದು ಕಾಣುವುದಿಲ್ಲ. ಲಿಸ್ಟಿನೊಳಗೆ ಹಾಕಿದರೆ, ಇಲ್ಲವೇ ಅಡಗಿದ ಅಕ್ಷರವನ್ನೂ ತೋರಿಸುವ ರೆಪ್ರ್‌ಗೆ ಕೊಟ್ಟರೆ ಕಾಣುತ್ತದೆ. ನೀನೂ ಕನ್ನಡದಲ್ಲೇ ಕೀ ಬರೆಯುವವನು. ಆ "ಟೆಂಡರ್" ಕೀಯ ಮೇಲೆ ನನಗೆ ಗುಮಾನಿ ಇದೆ, ನೋಡು.

ಲೂಪ್ ತಿದ್ದಿ ಕಳಿಸು. ಚೌತಿಗೆ ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ.

ಇಂತಿ,
ನಿನ್ನ ದೊಡ್ಡಪ್ಪ