ಸ್ಯಾನ್ ಹೋಸೆಯಿಂದ ಆಯಿಗೆ

ಸ್ಯಾನ್ ಹೋಸೆ, ಕೋಸ್ಟರಿಕಾ
ಜನವರಿ, ಭಾನುವಾರ

ಆಯಿ,

ನಮಸ್ಕಾರ. ನಾನು ಆರಾಮ. ಅಪ್ಪನ ಎದೆನೋವಿನ ವಿಷಯ ನಿನ್ನ ಪತ್ರದಲ್ಲಿ ಓದಿದಾಗಿನಿಂದ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ, ನೀನು ಎಲ್ಲದಕ್ಕೂ ಹೂಂ ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಹಕ್ಕಿ ನೋಡಲು ಕಾಡಿಗೆ ಹೋಗಿದ್ದೆ. ಒಬ್ಬಳೇ ಅಲ್ಲ. ಆಫೀಸಿನ ಹುಡುಗಿಯರಿದ್ದರು, ಅದೇ ಊರಿನ ಗೈಡ್ ಇದ್ದರು. ಸ್ವೆಟರ್, ಜಾಕೆಟ್, ಟೊಪ್ಪಿ ಎಲ್ಲ ಹಾಕಿದ್ದೆ. ಹಾವು ಒಂದೂ ಕಾಣಲಿಲ್ಲ. ಇಲ್ಲಿ ಬೆಳಗಿನ ತಿಂಡಿಗೇ ಅನ್ನ! ಕಪ್ಪು ಬೀನ್ಸ್ ಕಾಳು ಹಾಕಿ ಹುರಿಯುತ್ತಾರೆ, ಗಾಯೋ ಪಿಂಟೋ ಅಂತ ಹೆಸರು. ಹೊಟ್ಟೆ ತುಂಬಾ ತಿಂದಿದ್ದೇನೆ.

ಹೋಗಿದ್ದು ಸ್ಯಾನ್ ಹೆರಾರ್ಡೋ ದೆ ದೋತಾ ಅನ್ನುವ ಊರಿಗೆ. ಸಾವೆಗ್ರೆ ಹೊಳೆಯ ಕಣಿವೆ, ಸುಮಾರು 2200 ಮೀಟರ್ ಎತ್ತರ. ಅಲ್ಲಿ ಕೆಟ್ಸಾಲ್ ಅನ್ನುವ ಹಕ್ಕಿ ಕಂಡಿತು ಆಯಿ. ನಮ್ಮ ಕಡೆಯ ಮಲಬಾರ್ ಟ್ರೋಗನ್ ಇದೆಯಲ್ಲ, ಅದರ ಕುಟುಂಬದ್ದೇ. ಗಂಡಿನ ಮೈ ಹೊಳೆಯುವ ಹಸಿರು, ಹೊಟ್ಟೆ ಕೆಂಪು, ಬಾಲದ ಮೇಲಿನ ಗರಿ ಮೈಗಿಂತ ಉದ್ದ. ಇದಕ್ಕೆ ಅಗ್ವಕತೀಯೋ ಅನ್ನುವ ಕಾಡು ಬೆಣ್ಣೆಹಣ್ಣೆಂದರೆ ಪ್ರಾಣ. ಹಣ್ಣನ್ನು ಇಡಿಯಾಗಿ ನುಂಗಿ ಆಮೇಲೆ ಬೀಜ ಉಗುಳುತ್ತದೆ. ಮರ ಕಡಿದರೆ ಹಕ್ಕಿ ಬರುವುದಿಲ್ಲ ಅಂತ ಅಲ್ಲಿನ ರೈತರು ಜಮೀನಿನಲ್ಲಿ ಆ ಮರ ಉಳಿಸಿಕೊಂಡಿದ್ದಾರೆ. ನೋಡಲು ಬರುವವರು ಅವರಿಗೇ ದುಡ್ಡು ಕೊಡಬೇಕು.

ಇದನ್ನು ಅಪ್ಪನಿಗೆ ಹೇಳು, ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟ ಇಟ್ಟುಕೊಂಡ ನಮ್ಮಂಥವರಿಗೆ ಅರ್ಥವಾಗುವ ಮಾತು. 1996ರ ಅರಣ್ಯ ಕಾಯ್ದೆಯ ಪ್ರಕಾರ ಇಲ್ಲಿ ಸ್ವಂತ ಜಾಗದಲ್ಲಿ ಕಾಡು ಉಳಿಸಿದವರಿಗೆ ಸರ್ಕಾರವೂ ಹಣ ಕೊಡುತ್ತದೆ. ಪೆಟ್ರೋಲ್ ಮೇಲಿನ ತೆರಿಗೆಯಿಂದ ಅದಕ್ಕೆ ಒಂದು ಪಾಲು. ಸೈನ್ಯವೇ ಇಲ್ಲದ ಪುಟ್ಟ ದೇಶ ಇದು, ಆದರೂ ಎಷ್ಟು ಮುಂದಿದೆ ನೋಡು.

ಆಮೇಲೆ ಹಮ್ಮಿಂಗ್ ಬರ್ಡ್. ಅಮೆರಿಕ ಖಂಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ನಿಂತಲ್ಲೇ ಹಾರುತ್ತಾ ಹೂವಿನ ರಸ ಹೀರುತ್ತದೆ, ಹಿಂದಕ್ಕೂ ಹಾರುತ್ತದೆ. ಅದರ ಎದೆ ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಸಲ ಬಡಿಯಬಲ್ಲದು ಅಂತ ಗೈಡ್ ಹೇಳಿದರು. ಉಳಿದವರು ಫೋಟೋ ತೆಗೆಯುತ್ತಿದ್ದರು. ನನಗೆ ಅಪ್ಪನದೇ ಯೋಚನೆ.

ಬೆಟ್ಟ ಹತ್ತಿದರೆ ಎದೆ ಹಿಡಿಯುತ್ತದೆ, ಕೂತರೆ ಹೋಗುತ್ತದೆ ಅಂತ ಬರೆದಿದ್ದೀಯ. ಅದನ್ನು ಗ್ಯಾಸ್ ಅಂತ ಸುಮ್ನೆ ಬಿಡಬೇಡಿ. ಡಾಕ್ಟರೇ ಆಂಜಿಯೋಗ್ರಾಮ್ ಮಾಡಿಸಿ ಅಂದ ಮೇಲೆ ಅಡಿಕೆಯ ಕೊನೆಕೊಯ್ಲು ಮುಗಿಯಲಿ ಅಂತ ಕೂತರೆ ಹೇಗೆ? ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಗುವುದು ಕಷ್ಟ, ನನಗೂ ಗೊತ್ತು. ನಾಲ್ಕು ಕೊನೆ ಉದುರಿದರೆ ಉದುರಲಿ. ಸುಲಿಸುವುದು, ಬೇಯಿಸುವುದು ಎಲ್ಲ ಗಣಪತಿ ಭಾವ ನೋಡಿಕೊಳ್ಳುತ್ತಾನೆ. ಅವನ ಹತ್ತಿರ ನಿನ್ನೆಯೇ ಮಾತಾಡಿದ್ದೇನೆ.

ಎದೆ ಕೊಯ್ಯುವುದಿಲ್ಲ ಅಂತ ಅಪ್ಪನಿಗೆ ಬಿಡಿಸಿ ಹೇಳು. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಎಲ್ಲಿ ಕಟ್ಟಿದೆ ಅಂತ ನೋಡುತ್ತಾರೆ, ಅಷ್ಟೇ. ತೊಂದರೆ ಇಲ್ಲದಿದ್ದರೆ ಅವತ್ತೇ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ. ಶ್ರೀಪಾದ ಮಾವನ ಹಾಗೆ ಆಗುತ್ತದೆ ಅಂತ ಹೆದರುತ್ತಿದ್ದಾನೆ, ಅಲ್ವಾ? ಮಾವ ಪರೀಕ್ಷೆ ಮಾಡಿಸಲೇ ಇಲ್ಲ ಆಯಿ. ನಾಳೆ ನಾಡಿದ್ದು ಅನ್ನುತ್ತಲೇ ಹೋದ.

ಕವಳಕ್ಕೆ ತಂಬಾಕು ಹಾಕುವುದು ಇವತ್ತಿನಿಂದಲೇ ಬೇಡ. ಬೆಟ್ಟ ಹತ್ತುವುದು ಬೇಡ. ಕೂತಲ್ಲೇ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಗಾಡಿ ಮಾಡಿಸಿ ಆಸ್ಪತ್ರೆಗೆ ಹೊರಡಿ.

ಹಕ್ಕಿ ನೋಡಲು ಅಷ್ಟು ಖರ್ಚು ಯಾಕೆ ಅಂತ ಕೇಳಿದ್ದೀಯ. ಅದು ನಾನು ತಿಂಗಳು ತಿಂಗಳು ಉಳಿಸಿದ್ದು. ಆಸ್ಪತ್ರೆಗೆ ಅಂತ ಇಟ್ಟ ದುಡ್ಡು ಬೇರೆ ಇದೆ, ಮುಟ್ಟಿಲ್ಲ, ನಾಳೆ ನಿನ್ನ ಖಾತೆಗೆ ಹಾಕುತ್ತೇನೆ. ಸಾಲದಿದ್ದರೆ ಮತ್ತೆ ಕಳಿಸುತ್ತೇನೆ. ನಾನು ಬರಬೇಕು ಅಂದರೆ ಹೇಳು, ರಜೆ ಸಿಗುತ್ತದೆ. ನನ್ನ ಬಗ್ಗೆ ಒಂದು ಚೂರೂ ಚಿಂತೆ ಬೇಡ. ಕೆಮ್ಮಿಲ್ಲ, ಜ್ವರವಿಲ್ಲ, ನಿದ್ದೆ ಚೆನ್ನಾಗಿದೆ.

ಗಾಡಿ ಬಂತು, ಹೊರಡಬೇಕು. ಬುಧವಾರ ನಿಮ್ಮ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಹುಬ್ಬಳ್ಳಿಯ ಡಾಕ್ಟರ ಹತ್ತಿರ ತಾರೀಕು ತೆಗೆದುಕೊಂಡಿರಿ. ಅಜ್ಜಿಗೆ ನಮಸ್ಕಾರ.

ನಿನ್ನ ಮಗಳು,
ಸುಮಾ